ಡಾಕ್ಟರ್ ತಾಳತ್ ಅಪ್ಪಯ್ಯ

ಕೌಶಿಕ್ ಸತ್ತವನ ಬ್ಯಾಗಿನ ಮೂರನೇ ಜಿಪ್ ಎಳೀತಿದ್ದಾಗ ಬಾಗಿಲಲ್ಲಿ ರತ್ನ ಬಂದು ನಿಂತಳು. ಸತ್ತವನ ತಂಗಿ.

"ಎಂತ ಹುಡುಕ್ತಿದ್ದೀರಿ ಕೌಶಿಕಣ್ಣ?"

"ಚಾರ್ಜರ್."

"ಅಣ್ಣನ ಚಾರ್ಜರ್ ಮಂಚದ ಹತ್ರ ಉಂಟು," ಅಂದು ಹೋದಳು.

ಕಾಕ್ಕನಾಡಿನ ಆ ಫ್ಲ್ಯಾಟಿನ ಹಾಲಲ್ಲಿ, ಬಾಡಿಗೆಯ ಫ್ರೀಜರ್ ಪೆಟ್ಟಿಗೆಯೊಳಗೆ ಯಜ್ಞನಾರಾಯಣ ಮಲಗಿದ್ದ. ಮೂವತ್ತೊಂದು ವರ್ಷ, ಸಾಫ್ಟ್‌ವೇರ್ ಟೆಸ್ಟರ್. ನಿನ್ನೆ ವಲ್ಲಾರ್ಪಾಡಂ ರಸ್ತೆಯಲ್ಲಿ ಅವನ ಸ್ಕೂಟರ್ ಕಂಟೇನರ್ ಲಾರಿಯ ಕೆಳಗೆ ಹೋಗಿತ್ತು. ದಿನಾ ಮೊಸರನ್ನ, ದಿನಾ ಅದೇ ಬಸ್ಸು, ರೂಮಿಂದ ಹೊರಡೋವಾಗ ಎರಡೆರಡು ಸಲ ಸ್ವಿಚ್ ನೋಡೋದು. "ನಿನ್ನ ಲೈಫಿನ ಟ್ರೈಲರ್ ಕಟ್ ಮಾಡಿದ್ರೆ ಹತ್ತು ಸೆಕೆಂಡೂ ಬರಲ್ಲ ಗುರು," ಅಂತ ಕೌಶಿಕ್ ಕಿಚಾಯಿಸಿದಾಗ ಎಲ್ಲರಿಗಿಂತ ಮೊದಲು ನಗ್ತಿದ್ದವನು ಅವನೇ.

ಅವರಿಬ್ಬರ ಜೊತೆ ಅದೇ ಫ್ಲ್ಯಾಟಲ್ಲಿದ್ದ ಅಶ್ರಫ್ ಹತ್ತಿರ ಬಂದ. "ಸಿಕ್ಕಿತಾ ಆ ಕಾಗದ?"

"ಇಲ್ಲ."

"ಹೇಳಿಬಿಡು ಮಾರಾಯ."

"ಹೇಳಿದ್ರೆ ಇನ್ನೊಂದು ಪೆಟ್ಟಿಗೆ ಬಾಡಿಗೆಗೆ ತರಿಸ್ಬೇಕು. ನನ್ ಸೈಜಿಂದು."

*

ಮಾರ್ಚಲ್ಲಿ ಕಂಪನಿ ತಿರುವನಂತಪುರದ ಕಳಕ್ಕೂಟಂ ಆಫೀಸಿಗೆ ಒಂದು ವಾರ ಕಳಿಸಿದ್ದಾಗ, ಯಜ್ಞ ಅಲ್ಲಿನ ಒಂದು ಸಂಶೋಧನೆಗೆ ತಲೆ ಕೊಟ್ಟು ಬಂದಿದ್ದ. ಕಿವಿಗೆ ಹೆಡ್‌ಫೋನ್, ತಲೆಗೆ ವೈರುಗಳ ಟೋಪಿ. ಸೆಕೆಂಡಿಗೆ ನಲವತ್ತು ಸಲ ಟಕ್ ಟಕ್. ಮೆದುಳು ಆ ಸದ್ದಿಗೆ ತಾನೂ ತಾಳ ಹಾಕುತ್ತಂತೆ; ಕೆಲವು ಮಾನಸಿಕ ಕಾಯಿಲೆ ಇರೋರಲ್ಲಿ ತಾಳ ಸೊರಗುತ್ತಂತೆ. ಇದು ಬರೀ ಅಧ್ಯಯನ, ಇದರಿಂದ ಒಬ್ಬರ ಕಾಯಿಲೆ ಹೇಳೋಕಾಗಲ್ಲ, ರಿಪೋರ್ಟ್ ಕೊಡಲ್ಲ ಅಂತ ಅವರು ಮೊದಲೇ ಹೇಳಿದ್ದರು.

ಇವನಿಗೆ ಸಮಾಧಾನವಿಲ್ಲ. ಊಟಕ್ಕೆ ಕೂತಾಗೆಲ್ಲ, "ನಂದು ಸರಿಯಾಗಿ ತಾಳ ಹಾಕಿರ್ಬಹುದಾ ಕೌಶಿಕ್?"

ನಾಲ್ಕನೇ ಸಲ ಕೇಳಿದ ದಿನವೇ ಕೌಶಿಕ್ ರಿಪೋರ್ಟ್ ತಯಾರು ಮಾಡಿದ. ಇಂಗ್ಲಿಷಲ್ಲಿ, ಗ್ರಾಫ್ ಸಮೇತ. ತಾಳ ಸೊನ್ನೆ. ಗಂಭೀರ ಮಾನಸಿಕ ಕಾಯಿಲೆಯ ಲಕ್ಷಣ. ವಂಶದಲ್ಲಿ ಇರಬಹುದು. ಮದುವೆ ಬೇಡ. ಕೆಳಗೆ ಸಹಿ, ಡಾಕ್ಟರ್ ತಾಳತ್ ಅಪ್ಪಯ್ಯ. ನೋಡಿದರೆ ಯಾವುದೋ ಮನೆತನದ ಹೆಸರು. ಕೂಡಿಸಿ ಓದಿದ ಅಶ್ರಫ್ ನಕ್ಕು ನಕ್ಕು ಕುರ್ಚಿಯಿಂದ ಬಿದ್ದಿದ್ದ.

ಟಪಾಲಲ್ಲಿ ಬಂದ ಹಾಗೆ ಕವರಿಗೆ ಹಾಕಿ ಯಜ್ಞನ ಮೇಜಿನ ಮೇಲಿಟ್ಟರು. ಸಂಜೆ ಬಿರಿಯಾನಿ ತರಿಸಿ ಗುಟ್ಟು ಒಡೆಯೋ ಪ್ಲ್ಯಾನು. ಸಂಜೆ ಕ್ಲೈಂಟ್ ಕಾಲ್ ಬಂತು. ಮರುದಿನ ಯಜ್ಞ ಏನೂ ಆಗದವನ ಹಾಗೆ ಮೊಸರನ್ನ ಕಲಸ್ತಿದ್ದ. "ಕಿಲಾಡಿ, ಕಂಡುಹಿಡಿದು ನಮ್ ಮುಂದೇನೇ ಆಕ್ಟಿಂಗು," ಅಂದುಕೊಂಡರು.

ಮುಂದಿನ ವಾರ ಕೃಪಾ ಜೊತೆ ಆಗಿದ್ದ ನಿಶ್ಚಿತಾರ್ಥ ಮುರಿದ. ಯಾಕೋ ಅಂದರೆ, "ಹೊಂದಾಣಿಕೆ ಆಗ್ಲಿಲ್ಲ," ಅಂದ. ಕೌಶಿಕನಿಗೆ ಅವತ್ತೇ ಅರ್ಥವಾಯಿತು. ಅವತ್ತೇ ಹೇಳಬಹುದಿತ್ತು. ಇಂಟರ್ವಲ್ ಆದಮೇಲೆ ಟೈಟಲ್ ಕಾರ್ಡ್ ತೋರಿಸೋಕಾಗತ್ತಾ ಅಂತ ತನಗೆ ತಾನೇ ಡೈಲಾಗ್ ಹೊಡ್ಕೊಂಡು ಸುಮ್ಮನಾದ. ಆರು ತಿಂಗಳು ಸುಮ್ಮನಿದ್ದ.

*

ಕಾಗದ ರತ್ನಳ ಕೈಲೇ ಇತ್ತು.

"ದೇವರ ಪಟದ ಹಿಂದೆ ಇಟ್ಟಿದ್ದ," ಅಂದಳು. "ವಂಶದಲ್ಲಿ ಬರ್ತದೆ ಅಂತ ಬರ್ದಿದ್ದಾರೆ. ನಾನೂ ಟೆಸ್ಟ್ ಮಾಡಿಸ್ಬೇಕಾ ಕೌಶಿಕಣ್ಣ?"

ಸೋದರಮಾವ ವಸಂತ ಗೋಡೆಗೊರಗಿ ಕೂತಿದ್ದ. "ನಿಂಗೆ ಗೊತ್ತು ಮಾಡಿದ ಗಂಡಿನ ಕಡೆಯವರಿಗೆ ಹೇಳ್ಲೇಬೇಕಲ್ಲ. ತಲೆ ಸಮ ಇಲ್ಲದವನ ಕೈಗೆ ಸ್ಕೂಟರ್ ಕೊಟ್ಟದ್ದು ಯಾರು ಅಂತ ನಾಳೆ ಜನ ಕೇಳ್ತಾರೆ."

ಪೆಟ್ಟಿಗೆಯ ಪಕ್ಕ ಕೂತಿದ್ದ ತಾಯಿ ರಾಜಲಕ್ಷ್ಮಿ ತಲೆ ಎತ್ತಿದರು. "ನಂಗೆ ಇಂಗ್ಲಿಷ್ ಬರುದಿಲ್ಲ. ಎಂತ ಬರ್ದಿದ್ದಾರೆ, ನೀನು ಓದಿ ಹೇಳು ಮಗಾ."

ಕೌಶಿಕ್ ತಾನೇ ಬರೆದದ್ದನ್ನ ಕೈಗೆ ತಗೊಂಡ. "ಅಂಥದ್ದೇನಿಲ್ಲ ಅಮ್ಮ. ಸ್ವಲ್ಪ ಟೆನ್ಷನ್ ಇತ್ತು ಅಂತ..."

"ಹಾಗೆ ಇಲ್ಲ ಅದರಲ್ಲಿ," ಅಂದಳು ರತ್ನ.

"ಬರ್ದವರು ಯಾರು? ಅವರನ್ನೇ ಕೇಳುವ," ಅಂದರು ರಾಜಲಕ್ಷ್ಮಿ.

ರತ್ನ ಬಗ್ಗಿ ನೋಡಿ ಓದಿದಳು. "ಡಾಕ್ಟರ್ ತಾಳತ್ ಅಪ್ಪಯ್ಯ."

"ಇನ್ನೊಮ್ಮೆ ಹೇಳು."

"ತಾಳತ್ ಅಪ್ಪಯ್ಯ."

ರಾಜಲಕ್ಷ್ಮಿಯ ತುಟಿ ಮೆಲ್ಲಗೆ ಅಲ್ಲಾಡಿತು. "ತಾಳ... ತಪ್ಪಯ್ಯ."

ಬಾಗಿಲ ಹತ್ರ ಅಶ್ರಫ್ ಕಣ್ಣು ಕೆಳಗೆ ಹಾಕಿದ. ಅದನ್ನ ಅವರು ನೋಡಿದರು. ಆಮೇಲೆ ಕೌಶಿಕನನ್ನ ನೋಡಿದರು. ಎಲ್ಲದಕ್ಕೂ ಒಂದು ಡೈಲಾಗ್ ಇಟ್ಕೊಂಡಿದ್ದವನು ಕಾಗದವನ್ನ ಅವರ ಕೈಗೆ ಕೊಟ್ಟ.

"ಫೋನ್ ಮಾಡಿದಾಗೆಲ್ಲ ಹೇಳ್ತಿದ್ದ," ಅಂದರು. "ಕೌಶಿಕ್ ಭಾರೀ ತಮಾಷೆ ಮಾಡ್ತಾನೆ ಅಮ್ಮ, ಅವ ಇಲ್ಲದಿದ್ರೆ ನಂಗೆ ಇಲ್ಲಿ ಹೊತ್ತೇ ಹೋಗುದಿಲ್ಲ ಅಂತ."

ಕಾಗದ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡರು.

"ರತ್ನಾ, ನಿಂಗೆ ಟೆಸ್ಟ್ ಗಿಸ್ಟ್ ಎಂತದೂ ಬೇಡ. ಅಣ್ಣನಿಗೆ ಯಾವ ಕಾಯಿಲೆಯೂ ಇರ್ಲಿಲ್ಲ." ತಮ್ಮನ ಕಡೆ ತಿರುಗಿದರು. "ವಸಂತಾ, ಶ್ಮಶಾನದಲ್ಲಿ ಮಡಕೆ ಇವ ಹೊರಲಿ."

"ಅಕ್ಕಾ, ಇವನು ನಮ್ಮ ಸಂಬಂಧದವನಲ್ಲ, ನಾನಿದ್ದೇನಲ್ಲ."

"ಇವನೇ ಹೊರಬೇಕು."

ಹಾಲಲ್ಲಿ ಯಾರೋ ಕಣ್ಣೊರೆಸಿಕೊಂಡರು. "ಗೆಳೆತನ ಅಂದ್ರೆ ಇದಪ್ಪಾ."

*

ಹೆಂಗಸರು ಬರಬಾರದು ಅಂದರೂ ರಾಜಲಕ್ಷ್ಮಿ ಶ್ಮಶಾನಕ್ಕೆ ಬಂದರು.

ಒದ್ದೆ ಪಂಚೆಯಲ್ಲಿ, ಬರಿಮೈಯಲ್ಲಿ, ತುಂಬಿದ ಮಡಕೆ ಹೆಗಲಿಗೆ ಹೊತ್ತು ಕೌಶಿಕ್ ಚಿತೆಗೆ ಸುತ್ತು ಹಾಕಿದ. ಒಂದೊಂದು ಸುತ್ತಿಗೂ ಪುರೋಹಿತರು ಮಡಕೆಗೆ ಒಂದೊಂದು ತೂತು ಕೊರೆದರು. ನೀರು ಬೆನ್ನ ಮೇಲೆ ಇಳೀತು.

"ಮೂರಾಯ್ತು. ಹಿಂದಕ್ಕೆ ಬಿಡಿ. ತಿರುಗಿ ನೋಡದೆ ಹೋಗಿಬಿಡಿ."

ಅವನು ಬಿಡಲಿಲ್ಲ.

"ಬಿಡಿ ಅಂದೆ."

ನೀರೆಲ್ಲ ಸೋರಿ ಮುಗೀತು. ಖಾಲಿ ಮಡಕೆ ಹೆಗಲ ಮೇಲೇ ಇತ್ತು. ಬಿಟ್ಟರೆ ಬೀಳೋ ಜಾಗದಲ್ಲಿ, ಅವನ ಬೆನ್ನಿಗೆ ಒಂದೇ ಗೇಣು ದೂರಕ್ಕೆ, ರಾಜಲಕ್ಷ್ಮಿ ಬಂದು ನಿಂತದ್ದು ಅವನಿಗೆ ಗೊತ್ತಿತ್ತು.