ಹಿಂದಿನ ಕುರ್ಚಿ

ಜೀಪು ಹೊಳೆಯ ದಂಡೆಗೆ ಬಂದು ನಿಂತಾಗ ಕುರಿ ತೊಳೆಯುವ ಕೆಲಸ ಮುಗಿದಿತ್ತು. ಮಿಂದ ಕುರಿಗಳು ಬಿಸಿಲಿಗೆ ಮೈಯೊಡ್ಡಿ ನಿಂತಿದ್ದವು. ಜಾಲಿಯ ನೆರಳಿನಲ್ಲಿ ಒಬ್ಬ ಮುದುಕ ಒಂದು ಕುರಿಯನ್ನು ಕೆಡವಿಕೊಂಡು ಉಣ್ಣೆ ಕತ್ತರಿಸುತ್ತಿದ್ದ. ಜೀಪಿನಿಂದಿಳಿದ ವಾಯುಪಡೆಯ ಏರ್ ಕಮೊಡೋರ್ ಬಸಗೊಂಡಪ್ಪ ಟೋಪಿ ತೆಗೆದು ಸೀಟಿನ ಮೇಲಿಟ್ಟು ಅವನತ್ತ ನಡೆದ. ಮುದುಕ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಗುರುತು ಹತ್ತಿತು. ಆದರೂ ಏಳಲಿಲ್ಲ.

"ಬರ್ರಿ ಗೌಡ್ರ. ತಾರು ಬಂದು ಹನ್ನೊಂದು ವರ್ಷಕ್ಕ ಹಾದಿ ಸಿಕ್ತೇನ್ರಿ?" ಅಂದ.

ಅವನು ಜಕ್ಕಪ್ಪ, ಹೊಳೆವ್ವನ ತಮ್ಮ. ಹೊಳೆವ್ವನ ಒಬ್ಬನೇ ಮಗ ಸಾಬಣ್ಣ ಬಸಗೊಂಡಪ್ಪನ ಬಾಲ್ಯದ ಗೆಳೆಯ. ಬಸಗೊಂಡಪ್ಪ ಅಲ್ಲೇ ಒಂದು ಕಲ್ಲಿನ ಮೇಲೆ ಕೂತ. ಹೊಳೆವ್ವ ಬುತ್ತಿ ತರಲು ಊರೊಳಗೆ ಹೋಗಿದ್ದಾಳೆಂದು ಗೊತ್ತಾಯಿತು.

ಅನಗವಾಡಿಯ ಈ ದಂಡೆ ಏನೂ ಬದಲಾಗಿರಲಿಲ್ಲ. ಅದೇ ಕರಿಯ ಮಡು, ನಡುವೆ ಆನೆಯ ಬೆನ್ನಿನಂಥ ಅದೇ ಬಂಡೆ. ಗೌಡರ ಮನೆಯ ಹುಡುಗನಾಗಿ ಅವನು ಈಜು ಕಲಿತದ್ದು ಇಲ್ಲೇ, ಕಲಿಸಿದವನು ಸಾಬಣ್ಣ. ಕುರಿ ಬಿಟ್ಟು ಇಬ್ಬರೂ ಆ ಬಂಡೆಯ ಮೇಲೆ ಅಂಗಾತ ಮಲಗುತ್ತಿದ್ದರು. ಗಾಳಿ ತಿರುಗುವ ಮೊದಲು ಕುರಿ ತಿರುಗುತ್ತವೆ, ಅವು ಬೆನ್ನು ಕೊಟ್ಟ ದಿಕ್ಕಿನಿಂದ ಮಳೆ ಬರುತ್ತದೆ ಅನ್ನುತ್ತಿದ್ದ ಸಾಬಣ್ಣ. ಅವನ ಮಾತು ಒಮ್ಮೆಯೂ ತಪ್ಪಿದ್ದಿಲ್ಲ. ಹತ್ತು ವರ್ಷದವರಿದ್ದಾಗ ಅದೇ ಬಂಡೆಯ ಮೇಲಿಂದ ಇಬ್ಬರೂ ಮೊದಲ ಸಲ ವಿಮಾನ ಕಂಡರು. ಸದ್ದು ಅಡಗಿ ಎಷ್ಟೋ ಹೊತ್ತಾದ ಮೇಲೆ ಸಾಬಣ್ಣ, ಅದರಲ್ಲಿ ಕೂತವನಿಗೆ ನಮ್ಮ ಕುರಿ ಹೇಗೆ ಕಂಡಿದ್ದಾವು ಎಂದು ಕೇಳಿದ್ದ.

ಅಂದು ಸಂಜೆ ಐದಕ್ಕೆ ಜಮಖಂಡಿಯಲ್ಲಿ ಬಸಗೊಂಡಪ್ಪನಿಗೆ ಸತ್ಕಾರವಿತ್ತು. ಅವನು ಓದಿದ ಸಾಲಿಯ ಅಂಗಳದಲ್ಲಿ ಹಂದರ ಹಾಕಿದ್ದರು, ಕರಪತ್ರ ಅಚ್ಚು ಹಾಕಿಸಿದ್ದರು. ಜಮಖಂಡಿಯ ಹೈಸ್ಕೂಲು, ಪುಣೆಯ ಕಾಲೇಜು, ಇಂಗ್ಲೆಂಡಿನಲ್ಲಿ ಎರಡು ವರ್ಷ ತರಬೇತಿ, ವಾಯವ್ಯ ಗಡಿಯ ಕೊಹಾಟಿನ ಗುಡ್ಡಗಳು, ಬರ್ಮಾದ ಯುದ್ಧ, ಈಗ ದಿಲ್ಲಿಯ ದೊಡ್ಡ ಹುದ್ದೆ: ಎಲ್ಲ ಅದರಲ್ಲಿತ್ತು. ಅಡ್ಡಗಾಳಿಯಲ್ಲಿ ವಿಮಾನ ಇಳಿಸುವುದರಲ್ಲಿ ತರಬೇತಿಯ ತಂಡಕ್ಕೇ ಮೊದಲಿಗನಾದನೆಂದೂ ಇತ್ತು. ಆ ವಿದ್ಯೆಯ ಮೂಲ ಒಂದು ಕುರಿಹಿಂಡು ಎಂದು ಬರೆಯಲು ಬರೆದವರಿಗೇನು ಗೊತ್ತು? ಬೆಳಿಗ್ಗೆ ಪ್ರವಾಸಿ ಬಂಗಲೆಯಲ್ಲಿ ಕರಪತ್ರವನ್ನು ಎರಡು ಸಲ ಓದಿದವನು ಮಡಚಿಟ್ಟು, ಬೀಳಗಿಯ ಕಡೆ ಹೋಗಿ ಬರೋಣವೆಂದು ಡ್ರೈವರನಿಗೆ ಹೇಳಿದ್ದ. ತಂದೆತಾಯಿ ಇಲ್ಲ, ಹೊಲ ಅಣ್ಣನ ಮಕ್ಕಳದು. ಊರಿಗೆ ಬರದಿರಲು ಇಷ್ಟು ದಿನ ಆ ನೆಪ ಸಾಕಾಗಿತ್ತು.

ಸಾಬಣ್ಣನನ್ನು ದಂಡಿಗೆ ಒಯ್ದವನು ಅವನೇ. ಮೂವತ್ತೆಂಟನೆಯ ಇಸವಿಯಲ್ಲಿ ರಜೆಯ ಮೇಲೆ ಬಂದಾಗ ಸಾಬಣ್ಣನ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಕೂಸಿನ ಸಮೇತ ತೀರಿಕೊಂಡು ವರ್ಷವಾಗಿತ್ತು. ಊರು ಬೇಡಾಗಿದೆ, ನಿನ್ನ ಸಂಗಡ ಬರುತ್ತೇನೆ ಅಂದ ಸಾಬಣ್ಣ. ಹೊಳೆವ್ವ ಕಟ್ಟೆಯ ಮೇಲೆ ಕೂತು, ಇರುವವನು ಒಬ್ಬನೇ ಮಗ ಅಂದಳು. "ನಾನಽ ಕರಕೊಂಡು ಹೊಂಟೇನಿ, ನಾನಽ ಕರಕೊಂಡು ಬರ್ತೇನೆವ್ವ" ಎಂದು ಬಸಗೊಂಡಪ್ಪ ಮಾತು ಕೊಟ್ಟಿದ್ದ. ಸಾಬಣ್ಣ ಹವಾಯಿ ಸಿಪಾಯಿ, ಅಂದರೆ ವಾಯುಪಡೆಯ ಸಾದಾ ಸಿಪಾಯಿಯಾದ. ವಿಮಾನದ ಎಂಜಿನ್ನು ಬಿಚ್ಚುವುದು, ಜೋಡಿಸುವುದು ಕಲಿತ. ಆರು ವರ್ಷ ಬಸಗೊಂಡಪ್ಪ ಹಾರಿದ್ದು ಅವನ ಕೈಯ ಭರವಸೆಯ ಮೇಲೆ. ತನ್ನನ್ನೂ ಒಮ್ಮೆ ಮೇಲೆ ಒಯ್ಯಬೇಕೆಂದು ಸಾಬಣ್ಣ ಆಗಾಗ ಕೇಳುತ್ತಿದ್ದ. ನಾಳೆ ಆಗಲಿ, ಮುಂದಿನ ವಾರ ಆಗಲಿ ಎನ್ನುತ್ತಲೇ ದಿನ ಹೋದವು.

ಜಕ್ಕಪ್ಪ ಕತ್ತರಿ ಬದಿಗಿಟ್ಟು ನಡೆದದ್ದನ್ನು ಹೇಳಿದ. ನಲವತ್ತನಾಲ್ಕರಲ್ಲಿ ಸಾಬಣ್ಣ ಯುದ್ಧದಲ್ಲಿ ತೀರಿದನೆಂದು ತಾರು ಬಂತು. ಬೀಳಗಿಯಿಂದ ಮಾಸ್ತರರನ್ನು ಕರೆತಂದು ಓದಿಸಿದರು. ಹೊಳೆವ್ವ ಅಳಲಿಲ್ಲ. ಹೆಣ ಬಂದಿಲ್ಲ, ಕರಕೊಂಡು ಹೋದವರು ಬಂದು ಹೇಳಿಲ್ಲ ಅಂದಳು. ಎರಡು ವರ್ಷದ ಮೇಲೆ ಒಂದು ದಿನ ವಿಮಾನವೊಂದು ಈ ಹೊಳೆಯ ಮೇಲೇ ಗಿಡದೆತ್ತರಕ್ಕೆ ಇಳಿದು ಬಂತು. ಕುರಿ ಬೆದರಿ ದಿಕ್ಕಾಪಾಲಾದವು. ಹೊಳೆವ್ವ ಓಡಿಹೋಗಿ ದಂಡೆಯ ಮೇಲೆ ನಿಂತು ಕೈ ಬೀಸಿದಳು.

"ವಿಮಾನಾನೂ ರೆಕ್ಕಿ ಅಲ್ಲಾಡಿಸಿತ್ರಿ. ಅವತ್ತಿಂದ ನಮ್ಮಕ್ಕ, ಸಾಬಣ್ಣ ನೋಡಿಕೊಂಡು ಹೋದ, ರಜಾ ಸಿಕ್ಕರ ಬರ್ತಾನ ಅಂತಾಳ. ಅವನ ದಿನಾ ಕರ್ಮ ಮಾಡ್ಲಿಲ್ಲ, ಬೀರಪ್ಪನ ಗುಡಿಯಾಗ ಅವನ ಹೆಸರಿಲೆ ಒಂದು ತುತ್ತು ಎಡಿ ಇಡಾಕ ಬಿಡ್ಲಿಲ್ಲ. ಊರು ಹೇಳಿ ಸೋತೈತಿ, ನಾ ಹೇಳಿ ಸೋತೇನಿ. ಒಯ್ದಾವ್ರು ನೀವು. ನೀವಽ ಹೇಳ್ರಿ."

ಆ ವಿಮಾನದಲ್ಲಿದ್ದವನು ಬಸಗೊಂಡಪ್ಪ. ಪುಣೆಯಿಂದ ಬೆಂಗಳೂರಿಗೆ ಹೋಗುವಾಗ ದಾರಿ ಬಿಟ್ಟು ಬಂದು, ತನ್ನೂರ ಹೊಳೆಯ ಮೇಲೆ ಕೆಳಗಿಳಿದಿದ್ದ ದಿನ ಅದು. ದಂಡೆಯ ಮೇಲೆ ಯಾರೋ ಹೆಂಗಸು ಕೈಯೆತ್ತಿದ್ದು ಕಂಡು, ಖುಷಿಯಿಂದ ರೆಕ್ಕೆ ಅಲ್ಲಾಡಿಸಿದ್ದ. ಎಷ್ಟೋ ಊಟದ ಮೇಜಿನಲ್ಲಿ ಆ ಕಥೆ ಹೇಳಿ ನಕ್ಕಿದ್ದ. ಊರು ತನ್ನ ಗುರುತು ಹಿಡಿದ ಏಕೈಕ ಗಳಿಗೆ ಎಂದು ಅದನ್ನು ಜೋಪಾನ ಮಾಡಿಕೊಂಡು ಬಂದಿದ್ದ.

ಅಷ್ಟರಲ್ಲಿ ತಲೆಯ ಮೇಲೆ ಬುತ್ತಿ ಹೊತ್ತು ಹೊಳೆವ್ವ ಬಂದಳು. ಸಣ್ಣಗಾಗಿದ್ದಳು, ಆದರೆ ನಡಿಗೆ ಬಾಗಿರಲಿಲ್ಲ. ಜೀಪಿನ ಬಳಿ ನಿಂತು ಮೊದಲು ಅದರೊಳಗೆ ನೋಡಿದಳು, ಸುತ್ತು ಹಾಕಿ ಹಿಂದುಗಡೆಯೂ ನೋಡಿದಳು. ಆಮೇಲೆ ಇವನತ್ತ ಬಂದಳು.

"ಸಣ್ಣಗೌಡ್ರ, ಆರಾಮದೀರೇನ್ರಿ? ಒಬ್ರಽ ಬಂದ್ರಿ?"

"ಒಬ್ಬನಽ ಬಂದೇನೆವ್ವ."

ಅವಳು ಬುತ್ತಿ ಇಳಿಸಿ ಎದುರಿಗೆ ಕೂತಳು. ಬಸಗೊಂಡಪ್ಪ ಕಲ್ಲಿನಿಂದಿಳಿದು ನೆಲದ ಮೇಲೆ ಕೂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಶೌರ್ಯವಿತ್ತು, ದೇಶವಿತ್ತು. ಅವು ಯಾವುವೂ ಈ ದಂಡೆಯ ಮಾತಾಗಿರಲಿಲ್ಲ. ಹಾಗಾಗಿ ನಡೆದದ್ದನ್ನು ನಡೆದ ಹಾಗೆಯೇ ಹೇಳತೊಡಗಿದ. ಇಂಫಾಲದ ಹತ್ತಿರ ವಿಮಾನ ಇಳಿಯುವ ಒಂದು ಮಣ್ಣಿನ ಪಟ್ಟಿಯಿಂದ ವಿಮಾನಗಳನ್ನು ಹಿಂದೆ ಸರಿಸಬೇಕಾಗಿತ್ತು. ಒಂದರ ಎಂಜಿನ್ನು ಕೆಟ್ಟಿತ್ತು. ಅದನ್ನು ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ಸಾಬಣ್ಣನನ್ನೂ ಇನ್ನಿಬ್ಬರನ್ನೂ ಅಲ್ಲೇ ಇರಿಸಿ, ರಿಪೇರಿ ಮಾಡಿ ಇಡು ಅಂದೆ. ಬೆಳಿಗ್ಗೆ ಎರಡು ಕುರ್ಚಿಯ ಸಣ್ಣ ವಿಮಾನ ತಂದು ನಾನೇ ನಿನ್ನನ್ನು ಹಾರಿಸಿಕೊಂಡು ಒಯ್ಯುತ್ತೇನೆ ಅಂದೆ. ಅವನು ಬಹಳ ಖುಷಿಪಟ್ಟ. ಬೆಳಗಾಗುವ ಮೊದಲೇ ಜಪಾನಿಯರ ಬಾಂಬು ಬಿದ್ದಿತ್ತು.

"ನಾ ಇಳಿದಾಗ ಹೊಗಿ ಇನ್ನೂ ಆರಿದ್ದಿಲ್ಲ. ನನ್ನ ಕೈಯಾರೆ ಮಣ್ಣು ಕೊಟ್ಟೇನೆವ್ವ. ಹಿಂದಿನ ಕುರ್ಚಿ ಖಾಲಿ ಇಟ್ಟುಕೊಂಡು ತಿರುಗಿ ಬಂದೆ."

ಹೊಳೆವ್ವ ಅವನ ಮುಖವನ್ನೇ ನೋಡುತ್ತಿದ್ದಳು.

"ಮತ್ತ ಇಲ್ಲಿ ಬಂದಿತ್ತಲ್ರಿ, ವಿಮಾನ. ಅದರಾಗ?"

ಬಸಗೊಂಡಪ್ಪ ಜಕ್ಕಪ್ಪನತ್ತ ನೋಡಿದ. ಜಕ್ಕಪ್ಪ ತಲೆ ತಗ್ಗಿಸಿಕೊಂಡಿದ್ದ. ಒಂದು ಸುಳ್ಳು ಹೇಳಿದರೆ ಈ ಮುದುಕಿಗೆ ಉಳಿದ ದಿನಗಳು ಸಲೀಸಾಗಿ ಹೋಗುತ್ತವೆ ಅನ್ನಿಸಿತು. ಆದರೆ ಅವಳು ಜೀಪಿನ ಹಿಂದೆ ಹೋಗಿ ನೋಡಿ ಬಂದಿದ್ದಳು. ಬರುವ ಪ್ರತಿ ಗಾಡಿಯ ಹಿಂದೆಯೂ ಇನ್ನು ಮುಂದೆ ಹಾಗೇ ನೋಡುತ್ತಾಳೆ.

"ಅದರಾಗ ನಾನಽ ಇದ್ದೆ. ಒಬ್ಬನಽ ಇದ್ದೆ. ಕೈ ಬೀಸಿದಾಕಿ ನೀ ಅಂತ ನನಗ ಗೊತ್ತಿದ್ದಿಲ್ಲ."

ಹೊಳೆವ್ವ ಎದ್ದು ನೀರಿನ ಅಂಚಿಗೆ ಹೋದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲುದ್ದ ನೀರಿಗಿಳಿದು ಬಗ್ಗಿ ಮುಖಕ್ಕೆ ನೀರು ಹೊಡೆದುಕೊಂಡಳು. ಒಮ್ಮೆ, ಎರಡು ಸಲ, ಆಮೇಲೆ ಲೆಕ್ಕವಿಲ್ಲದಷ್ಟು ಸಲ. ಅವಳ ಬೆನ್ನು ನಡುಗುತ್ತಿದ್ದುದು ಇಲ್ಲಿಗೂ ಕಾಣುತ್ತಿತ್ತು. ಬಸಗೊಂಡಪ್ಪ ಏಳಲು ಹೋದಾಗ ಜಕ್ಕಪ್ಪ ಅವನ ತೋಳು ಹಿಡಿದು ಕೂರಿಸಿದ.

ತಿರುಗಿ ಬಂದಾಗ ಅವಳ ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿಯಿತ್ತು.

"ಸೋಮವಾರ ಬೀರಪ್ಪಗ ಎಡಿ ಮಾಡೂಣು, ಜಕ್ಕಪ್ಪ" ಅಂದಳು. ಆಮೇಲೆ ಇವನ ಕಡೆ ತಿರುಗಿದಳು. "ಹಿಂಗ ಮ್ಯಾಲಿಂದ ಹೋಗಬ್ಯಾಡ್ರಿ, ಸಣ್ಣಗೌಡ್ರ. ಕೆಳಗಿಳಿದು ಬಂದು ಹೋಗ್ರಿ."

ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಒಂದು ಹಿಡಿ ಉಳ್ಳಾಗಡ್ಡಿ. ಮೂವರೂ ತಿಂದರು. ತಿನ್ನುವಾಗ ಅವಳು ಕೇಳುತ್ತ ಹೋದಳು: ಅವನು ಅಲ್ಲಿ ಏನು ಉಣ್ಣುತ್ತಿದ್ದ, ಚಳಿಗೆ ಏನು ಹೊದೆಯುತ್ತಿದ್ದ, ಯಾರ ಜತೆ ನಗುತ್ತಿದ್ದ. ಬಸಗೊಂಡಪ್ಪ ಒಂದೊಂದನ್ನೂ ನೆನಪು ಮಾಡಿಕೊಂಡು ಹೇಳಿದ. ಕೊಹಾಟಿನಲ್ಲಿ ಪಠಾಣರ ಕುರಿ ನೋಡಿ ಸಾಬಣ್ಣ, ಇವಕ್ಕೆ ಬಾಲದಲ್ಲಿ ಎಲ್ಲ ಕೊಬ್ಬು, ತಲೆಯಲ್ಲಿ ಏನೂ ಇಲ್ಲ ಅಂದದ್ದನ್ನು ಹೇಳಿದಾಗ ಹೊಳೆವ್ವ ನಕ್ಕೇಬಿಟ್ಟಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಡ್ರೈವರ್ ಬಂದು, ನಾಲ್ಕು ಹೊಡೆಯುತ್ತಿದೆ, ಸಭೆಗೆ ತಡವಾದೀತು ಎಂದು ನೆನಪಿಸಿದ. ಜಕ್ಕಪ್ಪ ಮತ್ತೆ ಕತ್ತರಿ ಕೈಗೆತ್ತಿಕೊಂಡಿದ್ದ. ಕುರಿ ಹಿಡಿಯುವ ಕೆಲಸ ಹೊಳೆವ್ವನದು. ಅವಳು ಏಳಲು ನೆಲಕ್ಕೆ ಕೈಯೂರಿದಳು, ಏಳಲಾಗಲಿಲ್ಲ. ಬಸಗೊಂಡಪ್ಪ ಡ್ರೈವರನಿಗೆ, ಜಮಖಂಡಿಗೆ ಹೋಗಿ ತಾನಿಲ್ಲದೆ ಸಭೆ ನಡೆಸಲು ಹೇಳು, ತನ್ನದು ತಪ್ಪಾಯಿತೆಂದು ತಿಳಿಸು, ಹೊತ್ತು ಮುಳುಗಿದ ಮೇಲೆ ಬಂದು ಕರೆದುಕೊಂಡು ಹೋಗು ಅಂದ. ಬೂಟು ಕಳಚಿ, ತೋಳು ಮಡಚಿಕೊಂಡು ಹಿಂಡಿನೊಳಗೆ ಹೋದ. ಮೊದಲ ಕುರಿ ತಪ್ಪಿಸಿಕೊಂಡಿತು. ಎರಡನೆಯದರ ಹಿಂಗಾಲು ಸಿಕ್ಕಿತು.

"ಮೊಣಕಾಲು ಊರಿ ಹಿಡೀರಿ," ಅಂದ ಜಕ್ಕಪ್ಪ. ಆ ಮಾತಿನಲ್ಲಿ ಮೊದಲಿನ ಬಿರುಸಿರಲಿಲ್ಲ.

ಕತ್ತರಿ ಕಚಕಚನೆ ಓಡಿತು. ಹಸಿ ಉಣ್ಣೆಯ ವಾಸನೆ ಮೂಗಿಗೆ ಅಡರಿತು. ಕರಿಯ ಉಣ್ಣೆ ಪದರ ಪದರವಾಗಿ ಬಿಚ್ಚಿಕೊಂಡು ಮೊಣಕಾಲ ಸುತ್ತ ಬೀಳುತ್ತ ಹೋಯಿತು. ಹೊಳೆವ್ವ ಕೂತಲ್ಲಿಂದಲೇ ಅದನ್ನು ಬಳಿದು ತನ್ನ ಉಡಿಯೊಳಗೆ ತುಂಬಿಕೊಳ್ಳುತ್ತಿದ್ದಳು. ಕೊನೆಯ ಪದರ ಕತ್ತರಿಸಿದ ಮೇಲೆ ಜಕ್ಕಪ್ಪ ಕಣ್ಸನ್ನೆ ಮಾಡಿದ. ಬಸಗೊಂಡಪ್ಪ ಕೈ ಸಡಿಲಿಸಿದ. ಕುರಿ ಎದ್ದು ನಿಂತಿತು. ಅಷ್ಟು ಹಗುರವಾದ ಮೈ ತನ್ನದೇ ಹೌದೋ ಅಲ್ಲವೋ ಎಂಬಂತೆ ಒಂದು ಗಳಿಗೆ ಸುಮ್ಮನೆ ನಿಂತು, ಒಮ್ಮೆ ಮೈ ಕೊಡವಿ, ಟಣ್ಣನೆ ಹಾರಿ ಹಿಂಡು ಸೇರಿಕೊಂಡಿತು.