ಗೋಧಿ ಬಿಟ್ಟ ಮೇಲೆ

“ರಾತ್ರಿ ಎಷ್ಟು ತಿಂದೆ?” ಎಂದು ತಿಜಾನಿ ಹಾಸಿಗೆಯಲ್ಲೇ ಮಗ್ಗುಲು ಬದಲಿಸುತ್ತ ಹೆಂಡತಿಯನ್ನು ಕೇಳಿದ.

ಮನ್ನೂಬಿಯಾ ಕಣ್ಣು ಬಿಡಲಿಲ್ಲ. ಬಿಟ್ಟರೆ ಬಾಯೊಳಗಿನ ರುಚಿ ಹೊರಟುಹೋಗುತ್ತದೆಂದು ಅವಳಿಗೆ ಗೊತ್ತಿತ್ತು. “ಒಂದೇ ಒಂದು,” ಎಂದಳು ನಿಧಾನವಾಗಿ. “ಸಮುದ್ರದ ತುಂಬ ರೊಟ್ಟಿ ತೇಲ್ತಾ ಇದ್ವು, ದೋಣಿ ಥರ. ಒಂದೊಂದರ ಮೇಲೂ ಹಬೆ ಆಡ್ತಿತ್ತು. ಸೊಂಟದ ಮಟ್ಟ ನೀರಿಗಿಳಿದು ಒಂದನ್ನ ಹಿಡ್ಕೊಂಡೆ.”

“ಉಪ್ಪಾಗಿತ್ತಾ?”

“ಉಪ್ಪು ಹದವಾಗೇ ಇತ್ತು. ನೀವು ನಗ್ಬೇಡಿ.”

ಅವನೇನೂ ನಗಲಿಲ್ಲ. ವಸಂತದಿಂದ ಈಚೆಗೆ ದಿನಾ ಬೆಳಗಾದರೆ ಇದೇ ವರದಿ. ಗೋಧಿ ಬಿಡಬೇಕು, ಅದೂ ಜೀವಮಾನಕ್ಕೆ ಎಂದು ಆಸ್ಪತ್ರೆಯ ವೈದ್ಯೆ ಹೇಳಿದ ಮೇಲೆ ಮನ್ನೂಬಿಯಾಳ ನಿದ್ದೆಯೇ ಒಂದು ರೊಟ್ಟಿ ಅಂಗಡಿಯಾಗಿಬಿಟ್ಟಿತ್ತು. ಎಚ್ಚರವಾದೊಡನೆ ಅವಳು ಗಾಬರಿಯಿಂದ ಹೊಟ್ಟೆ ಮುಟ್ಟಿಕೊಳ್ಳುವಳು, ಉಪವಾಸದ ದಿನ ಮರೆತು ನೀರು ಕುಡಿದವರ ಹಾಗೆ. ಆಮೇಲೆ, ಕನಸಿನ ರೊಟ್ಟಿಗೆ ನೋವೂ ಇಲ್ಲ, ಪಾಪವೂ ಇಲ್ಲ ಎಂಬುದು ನೆನಪಾಗಿ ಹಗುರಾಗುವಳು; ಹಗುರಾದ ಕೂಡಲೇ ಹಸಿವಾಗುವುದು.

ಮಹ್ದಿಯಾ ಊರಿನ ಹಳೇ ಪೇಟೆಯಲ್ಲಿ, ಭೂಮಿ ಸಮುದ್ರದೊಳಕ್ಕೆ ಮೂಗು ಚಾಚಿದ ಕಡೆ ಅವರ ಮನೆ. ಅಂಗಳದ ಮೂಲೆಯಲ್ಲಿ ಹಂಡೆಯಷ್ಟು ಎತ್ತರದ, ತಂದೂರಿನಂಥ ಮಣ್ಣಿನ ಒಲೆ. ಒಳಗೋಡೆಗೆ ಹಿಟ್ಟು ಬಡಿದು ಅಂಟಿಸಿದರೆ ಸ್ವಲ್ಪ ಹೊತ್ತಿಗೆ ಕರಿಜೀರಿಗೆಯ ಘಮ ಓಣಿಯ ಆ ತುದಿ ಮುಟ್ಟುತ್ತಿತ್ತು; ನೆರೆಯವರು ಏನೋ ಒಂದು ನೆಪ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಮೊದಲ ರೊಟ್ಟಿ ಮಾತ್ರ ಅವಳದು. ನಿಂತೇ, ಬೆರಳು ಸುಟ್ಟುಕೊಳ್ಳುತ್ತ, ಆಲಿವ್ ಎಣ್ಣೆಯಲ್ಲಿ ಅದ್ದಿ ತಿನ್ನುತ್ತಿದ್ದಳು. ಹೊಟ್ಟೆನೋವು, ಸುಸ್ತು, ಬಿಳಿಚಿದ ಮುಖ ಎಲ್ಲಕ್ಕೂ ಯಾರದೋ ಕಣ್ಣು ತಾಗಿದೆ ಎಂದು ವರ್ಷಗಟ್ಟಲೆ ಅಂದುಕೊಂಡಿದ್ದಾಯಿತು. ಅದು ರೊಟ್ಟಿಯದೇ ಕೆಲಸ ಎಂದರೆ ಯಾರು ನಂಬಬೇಕು? ಬಿಟ್ಟ ಮೇಲೆ ಕೆನ್ನೆಗೆ ಬಣ್ಣ ಬಂತು. ಎಲ್ಲರೂ ಮುಖ ನೋಡಿ ದೇವರಿಗೆ ಕೈಯೆತ್ತಿದರು. ಅವಳಿಗೆ ಮಾತ್ರ, ಮನೆಯೊಳಗಿಂದ ಯಾರೋ ಎದ್ದುಹೋಗಿ ಬಾಗಿಲು ಹಾಗೇ ತೆರೆದಿಟ್ಟ ಹಾಗಿತ್ತು.

ತಿಜಾನಿ ಬಂದರಿನಲ್ಲಿ ಬಲೆ ಹೆಣೆಯುವವನು. ಹೆಂಡತಿಯ ಎದುರು ತಿನ್ನಬಾರದೆಂದು ಅಂಗಡಿ ರೊಟ್ಟಿಯನ್ನು ಓಣಿಯಲ್ಲೇ ನಿಂತು ಮುಗಿಸಿ, ಅಂಗಿ ಕೊಡವಿಕೊಂಡು ಒಳಗೆ ಬರುತ್ತಿದ್ದ. ಆದರೆ ಮೀಸೆಯನ್ನು ಕೊಡವುವುದು ಹೇಗೆ? ಅವನು ಮಧ್ಯಾಹ್ನ ನಿದ್ದೆಹೋದಾಗ ಅವಳು ಬಗ್ಗಿ ಮೀಸೆ ಮೂಸುತ್ತಿದ್ದಳು. ಒಮ್ಮೆ ಅವನಿಗೆ ಎಚ್ಚರವಾಗಿ, ಈ ವಯಸ್ಸಿನಲ್ಲಿ ಏನೇ ಇದೆಲ್ಲ ಎಂದು ನಾಚಿಕೊಂಡ. ಅವನ ಸಂತೋಷ ಯಾಕೆ ಕೆಡಿಸಬೇಕೆಂದು ಅವಳು ನಿಜ ಹೇಳಲಿಲ್ಲ.

ಇದಿಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ಅಕ್ಕ ಮಾತು ಬಿಟ್ಟಿದ್ದಳು.

ತಾಯಿ ಸತ್ತಾಗ ಮನ್ನೂಬಿಯಾಳಿಗೆ ಇನ್ನೂ ಹಲ್ಲು ಬರುತ್ತಿದ್ದವಂತೆ. ರೊಟ್ಟಿಯನ್ನು ತಾನು ಅಗಿದು ಮೆತ್ತಗೆ ಮಾಡಿ ತಂಗಿಯ ಬಾಯಿಗಿಟ್ಟು ಬೆಳೆಸಿದವಳು ಶಾದ್ಲಿಯಾ. ಬೇಸಿಗೆಯ ಮೊದಲಲ್ಲಿ ಅವಳ ಮನೆಯಲ್ಲಿ ಎಲ್ಲರೂ ಒಂದೇ ಹರಿವಾಣದ ಸುತ್ತ ಕೂತಿದ್ದಾಗ, ಶಾದ್ಲಿಯಾ ರೊಟ್ಟಿ ಮುರಿದು ಒಬ್ಬೊಬ್ಬರ ಮುಂದೆ ಇಡುತ್ತ ಬಂದಳು. ಮನ್ನೂಬಿಯಾ ತನ್ನ ತುಂಡನ್ನು ಗಂಡನ ಕಡೆ ಸರಿಸಿದಳು. ಅಕ್ಕನ ಮುಖ ಸಣ್ಣಗಾಯಿತು.

“ನಮ್ಮ ವಂಶದಲ್ಲಿ ರೊಟ್ಟಿ ತಿಂದು ಸತ್ತೋರು ಯಾರೇ? ನನ್ನ ಬಾಯಿಂದ ತಿಂದು ಬೆಳೆದೋಳಿಗೆ ಈಗ ನನ್ನ ಕೈ ರೊಟ್ಟಿ ವಿಷ ಆಯ್ತು.”

ಅಂದಿನಿಂದ ಹೋಗಿಬರುವುದು ನಿಂತಿತು. ಸಮುದ್ರದಂಚಿನ ಸ್ಮಶಾನದಲ್ಲಿ ತಾಯಿಯ ಗೋರಿಗೆ ಒಬ್ಬಳು ಬೆಳಿಗ್ಗೆ ಹೋದರೆ ಇನ್ನೊಬ್ಬಳು ಸಂಜೆ. ರೊಟ್ಟಿ ಬಿಡುವುದನ್ನು ವೈದ್ಯೆ ಹೇಳಿಕೊಟ್ಟಿದ್ದಳು. ಅಕ್ಕನನ್ನು ಬಿಟ್ಟು ಇರುವುದನ್ನು ಯಾರು ಹೇಳಿಕೊಡಬೇಕು?

ಆ ಕನಸು ಬಿದ್ದ ದಿನ ಮಧ್ಯಾಹ್ನದ ಬಿಸಿಲಿಗೆ ಸಮುದ್ರ ಯಾವುದು, ಆಕಾಶ ಯಾವುದು ಎಂಬ ಗುರುತೇ ಅಳಿಸಿತ್ತು. ಓಣಿ ತೂಕಡಿಸುತ್ತಿತ್ತು. ಮನ್ನೂಬಿಯಾ ಹಳೇ ಗೋಧಿಯ ಸೋಂಕು ಉಳಿಯದ ಹಾಗೆ ಒಲೆಯ ಒಳಗೋಡೆಗೆ ಹೊಸ ಮಣ್ಣು ಮೆತ್ತಿ, ಜೋಳದ ಹಿಟ್ಟಿನಲ್ಲಿ ಕೈ ಪಳಗಿಸುತ್ತಿದ್ದ ದಿನಗಳವು. ಆ ಊರಲ್ಲಿ ಚಳಿಗಾಲದ ಗಂಜಿಗಷ್ಟೇ ಬಳಸುವ ಜೋಳ ಅದು, ರೊಟ್ಟಿಯಾಗಲು ಅದಕ್ಕೆ ಇಷ್ಟವಿರಲಿಲ್ಲ. ಅಂಟಿಸಿದ್ದು ಗೋಡೆಯಿಂದ ಜಾರಿ ಬೂದಿಗೆ ಬೀಳುತ್ತಿತ್ತು. ಬೆಂಕಿಯ ಮುಂದೆ ಅರೆನಿದ್ದೆಯಲ್ಲಿ ಕೂತಿದ್ದಾಗ ಬಾಗಿಲು ತಳ್ಳಿದ ಸದ್ದಾಯಿತು.

ಶಾದ್ಲಿಯಾ ಬಿಳಿ ಹೊದಿಕೆಯನ್ನು ತೆಗೆಯದೆ ಚಾಪೆಯ ತುದಿಯಲ್ಲಿ ಕೂತಳು. ಎದೆಗೆ ಒತ್ತಿಕೊಂಡಿದ್ದ ಬಟ್ಟೆಯ ಗಂಟನ್ನು ಇಬ್ಬರ ನಡುವೆ ಇಟ್ಟು ಬಿಚ್ಚಿದಳು. ದುಂಡನೆಯ ರೊಟ್ಟಿ. ಇನ್ನೂ ಬಿಸಿ ಆರಿರಲಿಲ್ಲ.

“ಗೋಧಿ ಒಂದು ಕಾಳೂ ಇಲ್ಲ. ಬರೀ ಬಾರ್ಲಿ, ನಾನೇ ಬೀಸಿದ್ದು. ತಿನ್ನು.”

ಮನ್ನೂಬಿಯಾಳಿಗೆ ತಾನು ನಿದ್ದೆಯಲ್ಲಿದ್ದೇನೆಯೋ ಎಚ್ಚರವಾಗಿದ್ದೇನೆಯೋ ತಿಳಿಯಲಿಲ್ಲ. ಮುಟ್ಟಿದಳು, ರೊಟ್ಟಿ ಕರಗಲಿಲ್ಲ, ತೇಲಿಹೋಗಲಿಲ್ಲ. ಮುರಿದಳು. ಘಮ ಮುಖಕ್ಕೆ ಹೊಡೆಯಿತು. ವೈದ್ಯೆ ಗೋಧಿಯ ಜೊತೆಗೇ ಬಾರ್ಲಿಯ ಹೆಸರನ್ನೂ ಹೇಳಿದ್ದಳು. ಆದರೆ ಮನೆಯವರ ಕಿವಿಗೆಲ್ಲ ಬಿದ್ದದ್ದು ಗೋಧಿ ಮಾತ್ರ. ಒಂದು ತುತ್ತು ತಿಂದರೆ ಏನಾದೀತು, ನಾಲ್ಕು ದಿನ ಹಾಸಿಗೆಯಲ್ಲಿ ಹೊರಳಾಡಿದರಾಯಿತು. ಅಕ್ಕ ಬಂದಿದ್ದಾಳೆ. ಈ ಮುದುಕಿ ತನ್ನ ಹಟ ನುಂಗಿ, ಈ ಬಿಸಿಲಲ್ಲಿ, ಕಾಲೆಳೆದುಕೊಂಡು ಬಂದಿದ್ದಾಳೆ.

ತುಂಡು ತುಟಿಯವರೆಗೂ ಹೋಯಿತು. ಬೀದಿಯಲ್ಲಿ ಬಿದ್ದ ರೊಟ್ಟಿಯ ಚೂರನ್ನು ಎತ್ತಿದಾಗ ಮಾಡುವಂತೆ ಅದಕ್ಕೆ ಮುತ್ತಿಟ್ಟು, ಹಣೆಗೆ ಮುಟ್ಟಿಸಿ, ಬಟ್ಟೆಯ ಮೇಲೆ ಇಟ್ಟಳು.

“ಅಕ್ಕ, ಬಾರ್ಲಿನೂ ಆಗಲ್ಲ ನಂಗೆ.”

ಶಾದ್ಲಿಯಾ ರೊಟ್ಟಿಯನ್ನೇ ನೋಡಿದಳು. ಆಮೇಲೆ ಬಟ್ಟೆಯ ಮೂಲೆಗಳನ್ನು ಒಂದೊಂದಾಗಿ ಒಳಗೆ ಮಡಚಿ ಗಂಟು ಹಾಕಿದಳು. ಇನ್ನು ಎದ್ದಳು, ಹೋದಳು ಎಂದುಕೊಂಡು ಮನ್ನೂಬಿಯಾ ತಲೆ ತಗ್ಗಿಸಿದಳು.

“ಮತ್ತೆ ಏನ್ ತಿಂತೀಯೇ ನೀನು? ಗಾಳಿನಾ?”

ಮನ್ನೂಬಿಯಾ ಸಂಕೋಚದಿಂದ, ಬೆಳಿಗ್ಗೆ ಬೂದಿಯಿಂದ ಎತ್ತಿ ಒರೆಸಿಟ್ಟ ಜೋಳದ ಬಿಲ್ಲೆಯನ್ನು ತಂದು ಕೊಟ್ಟಳು. ಅಕ್ಕ ಅದನ್ನು ಬೆರಳಗಂಟಿನಿಂದ ತಟ್ಟಿ ಕಿವಿಗೊಟ್ಟಳು.

“ತಿಜಾನಿಗೆ ಕೊಡು. ಬಲೆ ಮುಳುಗಿಸೋಕೆ ಕಟ್ಕೊಳ್ಳಲಿ.”

ಹಾಗೆಂದವಳೇ ಒಂದು ಚೂರು ಮುರಿದು, ಹಲ್ಲಿದ್ದ ಕಡೆಗೆ ತಳ್ಳಿಕೊಂಡು, ಅಗಿಯತೊಡಗಿದಳು. ನುಂಗುವಾಗ ಕಣ್ಣಲ್ಲಿ ನೀರು ಬಂತು. ಗಂಟಲು ಗೀರಿತೋ ಏನೋ. ಎದ್ದು ಹೊದಿಕೆ ತೆಗೆದು ಮೊಳೆಗೆ ಸಿಕ್ಕಿಸಿ, ಹಿಟ್ಟು ಎಲ್ಲಿ ಎಂದು ಕೇಳಿದಳು.

“ಮೊದಲು ಕೈ ತೊಳ್ಕೊ ಅಕ್ಕ. ಬಾರ್ಲಿ ಹತ್ತಿರುತ್ತೆ.”

ಅಂದುಬಿಟ್ಟ ಮೇಲೆ ಮನ್ನೂಬಿಯಾ ನಾಲಿಗೆ ಕಚ್ಚಿಕೊಂಡಳು. ಶಾದ್ಲಿಯಾ ಬಾವಿಕಟ್ಟೆಗೆ ಹೋಗಿ, ನಮಾಜಿಗೆ ಮುಂಚೆ ತೊಳೆಯುವ ಹಾಗೆ ಮೊಣಕೈವರೆಗೂ, ಬೆರಳ ಸಂದಿಗಳಲ್ಲೂ ಸಾವಕಾಶವಾಗಿ ತೊಳೆದು ಬಂದು, ಎರಡೂ ಅಂಗೈಗಳನ್ನು ತಂಗಿಯ ಮುಂದೆ ಚಾಚಿ ತೋರಿಸಿದಳು.

ತಣ್ಣೀರು ಬೇಡ, ಕುದಿಯೋ ನೀರು ತಾ ಎಂದಳು. ಹಿಟ್ಟು ನಾದುತ್ತ, ಓಣಿಯಲ್ಲಿ ಯಾರಿಗೆ ಮದುವೆ ಗೊತ್ತಾಯಿತು, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದನ್ನೆಲ್ಲ ಹೇಳಿದಳು. ತಮ್ಮಿಬ್ಬರ ಮುನಿಸೊಂದನ್ನು ಬಿಟ್ಟು. ದುಂಡಗೆ ತಟ್ಟಿ ಒಲೆಯ ಗೋಡೆಗೆ ಬಡಿದಳು. ಅಂಟಿತು, ಮೇಲಂಚು ಬಿಟ್ಟುಕೊಂಡು ಮೆಲ್ಲಗೆ ಕೆಳಗೆ ಜಾರತೊಡಗಿತು.

ಶಾದ್ಲಿಯಾ ಅಂಗೈಯನ್ನು ನೀರಲ್ಲಿ ಅದ್ದಿ, ಒಲೆಯ ಬಾಯೊಳಗೆ ಮೊಣಕೈವರೆಗೂ ಇಳಿಸಿ, ಹಿಟ್ಟನ್ನು ಗೋಡೆಗೆ ಒತ್ತಿ ಹಿಡಿದಳು. ಮನ್ನೂಬಿಯಾ ಅಕ್ಕನ ತೋಳಿನ ಬಟ್ಟೆಯನ್ನು ಮೇಲಕ್ಕೆ ಸುರುಳಿ ಸುತ್ತಿ ಕೈಯಲ್ಲಿ ಹಿಡಿದು ನಿಂತಳು.

“ಬಿಡಕ್ಕ, ಸುಡುತ್ತೆ.”

“ಸುಮ್ನಿರೇ. ಇನ್ನೂ ಹಿಡ್ಕೊಂಡಿಲ್ಲ ಅದು.”

ಆ ಕೈ ತೆಗೆದು, ಈ ಕೈ ಅದ್ದಿ, ಮತ್ತೆ ಒತ್ತಿದಳು. ಅವಳ ಬೆರಳುಗಳ ನಡುವಿನಿಂದ ಹಬೆ ಏಳುತ್ತಿತ್ತು.