ಅದಲುಬದಲಾದ ಡಬ್ಬಿ

ಸುರೇಶನ ಬಲಗಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಸಕ್ಕರೆ ಕಾಯಿಲೆ ಹತೋಟಿಗೆ ಬರುವವರೆಗೂ ಆಪರೇಷನ್ ಇಲ್ಲ ಎಂದು ವಿಜಯಪುರದ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು.

"ಇದು ಒಬ್ಬರಿಂದ ಆಗೂದಲ್ರಿ. ಜೋಡಿ ನಡಿಯಾವ್ರು, ತಿನ್ನಾಕ ಹೋದ್ರ ಕೈ ಹಿಡಿಯಾವ್ರು ಯಾರರೆ ಒಬ್ಬರನ್ನ ಹುಡಕೋರಿ."

ಅದೇ ಊರಿನ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಮನೆಯಲ್ಲಿ ಇದ್ದವರು ಅವನು, ಅವನ ತಾಯಿ ಕಾಶೀಬಾಯಿ ಇಬ್ಬರೇ. ಆಕೆ ಕೈ ಹಿಡಿಯುವ ಪೈಕಿ ಅಲ್ಲ. ಮಗ ಬೇಡ ಎಂದಷ್ಟೂ ತುಪ್ಪದ ಚಮಚ ತಟ್ಟೆಗೆ ಹತ್ತಿರ ಬರುತ್ತಿತ್ತು.

ಸುರೇಶ ಟಿಕೋಟಾದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಅಲ್ಲಿಯ ಗಣಿತದ ಮಾಸ್ತರ ಕುನಾಲ ದಿನಾ ಬಬಲೇಶ್ವರದಿಂದ ಬೈಕಿನಲ್ಲಿ ಬರುತ್ತಿದ್ದ. ಅವನ ಮದುವೆ ಗೊತ್ತಾಗಿತ್ತು, ಹೊಲಿಸಿದ ಕೋಟಿನ ಗುಂಡಿ ಮಾತ್ರ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಉಪಾಯ ಅವನದೇ.

"ಸಂಜೀಕ ಇಬ್ರೂ ನಡಿಯೋಣ್ರಿ ಸರ. ಮಧ್ಯಾನ ನಿಮ್ಮ ಡಬ್ಬಿ ನಾ ತಿಂತೇನಿ, ನಂದು ನೀವು ತಿನ್ರಿ. ಮಂದಿ ಡಬ್ಬಿ ಅಂದ್ರ ಬಾಯಿ ತಾನ ಹಿಡಿತದಾಗ ಇರ್ತದ."

ಸುರೇಶ ಒಪ್ಪಿದ. ಆದರೆ ಕಾಯಿಲೆಯ ಸುದ್ದಿ ಹೊರಗೆ ಬೀಳಬಾರದು ಎಂದು ತಾಕೀತು ಮಾಡಿದ. ಹಾಗಾಗಿ ಇಬ್ಬರೂ ಮನೆಯಲ್ಲಿ ಹೇಳಿದ್ದು ಇಷ್ಟೇ: ನಾಳೆಯಿಂದ ನನ್ನ ಡಬ್ಬಿ ಗೆಳೆಯ ತಿನ್ನುತ್ತಾನೆ.

ದ್ರಾಕ್ಷಿ ತೋಟದ ದಾರಿಯಲ್ಲಿ ನಡಿಗೆ ಚೆನ್ನಾಗಿ ಸಾಗಿತು. ಕೆಟ್ಟದ್ದು ಡಬ್ಬಿಯಿಂದ. ಕುನಾಲನ ತಾಯಿ ಚಂದ್ರಕಲಾ ಕಳಿಸಿದ ಡಬ್ಬಿ ತೆರೆದರೆ ಶೇಂಗಾ ಹೋಳಿಗೆ, ಮೇಲೆ ತುಪ್ಪ. ಸುರೇಶನ ಮನೆಯದರಲ್ಲಿ ಎಣ್ಣೆ ತೇಲುವ ಬದನೆಕಾಯಿ ಎಣಗಾಯಿ, ಜೊತೆಗೆ ಕರಿಗಡಬು.

ಇಷ್ಟೆಲ್ಲ ಯಾಕೆ ಎಂದು ಸುರೇಶ ತಾಯಿಯನ್ನು ಕೇಳಿದ.

"ಮಂದಿ ಮಗಗ ಒಣಾ ರೊಟ್ಟಿ ಕಟ್ಟಲೇನ್ಲೇ? ಅವರವ್ವ ಏನ ಅಂದಾಳು?"

ಅತ್ತ ಬಬಲೇಶ್ವರದಲ್ಲೂ ಇದೇ ಮಾತು ನಡೆದಿತ್ತು. ಇನ್ನೊಬ್ಬರ ಮನೆಯಿಂದ ಬಂದ ಊಟ ಉಳಿಸಿ ಕಳಿಸುವುದು ಹೇಗೆ? ಇಬ್ಬರೂ ಡಬ್ಬಿಯ ತಳ ಕಾಣುವವರೆಗೆ ತಿಂದರು. ಮುಂದಿನ ತಪಾಸಣೆಯಲ್ಲಿ ಸಕ್ಕರೆ ಇಳಿದಿರಲಿಲ್ಲ, ಏರಿತ್ತು.

ಅದಾದ ಕೆಲವೇ ದಿನಕ್ಕೆ ಸುರೇಶ ಬೆಳಿಗ್ಗೆ ಟಿಕೋಟಾ ಬಸ್ಸಿನ ಬದಲು ಬೇರೆ ಬಸ್ಸು ಹತ್ತಿದ. ಪಾಸು ನೋಡಿದ ಕಂಡಕ್ಟರ್ ನಕ್ಕ.

"ಕಾಕಾ, ಇದು ಬಬಲೇಶ್ವರ ಗಾಡಿ. ಬೋರ್ಡ ಇಷ್ಟ ದೊಡ್ಡದ ಐತಿ, ನೋಡಿಲ್ಲೇನ್ರಿ?"

ನೋಡಿದ್ದ. ಹಳದಿ ಮಬ್ಬು ಬಿಟ್ಟು ಏನೂ ಕಂಡಿರಲಿಲ್ಲ. ಬೇರೆ ಟಿಕೆಟ್ ತೆಗೆಸಿ ಕುನಾಲನಿಗೆ ಫೋನು ಮಾಡಿದ. ಶಾಲೆಗೆ ಇನ್ನೂ ಹೊರಟಿರದ ಅವನು ಸ್ಟ್ಯಾಂಡಿನಿಂದ ಮನೆಗೆ ಕರೆದೊಯ್ದ.

ಚಂದ್ರಕಲಾ ನೀರಿನ ಲೋಟ ಚಾಚಿದಳು. ಸುರೇಶನ ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು. ನೀರು ಚೆಲ್ಲಿತು. ಆಕೆ ಬಗ್ಗಿ ಅವನ ಕಣ್ಣು ನೋಡಿದಳು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಸುರೇಶ ಕಾಯಿಲೆಯ ವಿಷಯ ಹೇಳಿದ. ಅವನ ಮುಂದಿದ್ದ ಶಿರಾದ ತಟ್ಟೆಯನ್ನು ಆಕೆ ಕಸಿದುಕೊಂಡಳು.

"ಯಪ್ಪಾ, ಮೊದಲ ಹೇಳಬಾರದೇನ್ರಿ? ಇಷ್ಟ ದಿನ ನಾ ಹೋಳಿಗಿ ಅಲ್ಲ, ವಿಷಾ ಕಳಿಸೇನಿ ನೋಡ್ರಿ! ಲೇ ಕುನ್ಯಾ, ನಿನಗರೆ ಬುದ್ಧಿ ಬ್ಯಾಡೇನು?"

"ನನ್ನ ಹೊಟ್ಟೀದೂ ಒಂದೀಟ ವಿಚಾರ ಮಾಡ ಬೇ."

"ನಿನ್ನ ಹೊಟ್ಟಿ ಲಗ್ನ ಆದ ಮ್ಯಾಲ ತಾನ ಇಳೀತೈತಿ, ಸುಮ್ಮ ಕೂಡು. ನಿಮ್ಮವ್ವಾರ ನಂಬರ್ ಕೊಡ್ರಿ ಸುರೇಶಪ್ಪ."

ಮರುದಿನ ಸುರೇಶನ ಪಾಲಿನ ಡಬ್ಬಿಯಲ್ಲಿ ಒಂದೇ ಜೋಳದ ರೊಟ್ಟಿ, ಮೆಂತ್ಯಸೊಪ್ಪು, ಸೌತೆಕಾಯಿ. ಕುನಾಲನ ಪಾಲಿಗೂ ಹೆಚ್ಚುಕಡಿಮೆ ಅದೇ. ಸ್ವಂತ ಮಗನಿಗೆ ಎಂದೂ ಸೌತೆಕಾಯಿ ಹೆಚ್ಚಿಕೊಡದ ಕಾಶೀಬಾಯಿ, ಇನ್ನೊಬ್ಬಳ ಮಗನ ಕೋಟಿನ ಗುಂಡಿಗಾಗಿ ಹೆಚ್ಚಿದ್ದಳು.

ಆ ಸಂಜೆ ಸುರೇಶ ಊಟಕ್ಕೆ ಕೂತಾಗ ತುಪ್ಪದ ಚಮಚ ಎಂದಿನಂತೆ ಮೇಲೆದ್ದಿತು. ಫೋನು ಹೊಡೆದುಕೊಂಡಿತು.

"ಹೂನ್ರಿ ಚಂದ್ರಕಲಾ, ಉಣ್ಣಾಕತ್ತಾನ. ತುಪ್ಪಾ? ಇಲ್ರೀ, ನಿಮ್ಮಾಣಿ, ಹಾಕಿಲ್ಲ."

ಕಾಶೀಬಾಯಿ ಕೈಯಲ್ಲಿದ್ದ ಚಮಚ ನೋಡಿದಳು. ಆಣೆ ಆಗಿಹೋಗಿತ್ತು. ತುಪ್ಪ ಮತ್ತೆ ಭರಣಿಗೆ ಹೋಯಿತು.

ಆಮೇಲೆ ಫೋನು ದಿನಾ ಬಂತು. ಇತ್ತಿಂದಲೂ ಹೋಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ರಿಪೋರ್ಟು ಓದಿ ಆಪರೇಷನ್ನಿಗೆ ತಾರೀಖು ಕೊಟ್ಟರು.

"ಅಂತೂ ಜೋಡಿ ಸಿಕ್ಕರು ಅನ್ರಿ ನಿಮಗ."

ಬಾಗಿಲ ಹೊರಗೆ ಬೆಂಚಿನ ಮೇಲೆ ಕಾಶೀಬಾಯಿ ಜೋರಾಗಿ ಫೋನಿನಲ್ಲಿ ಮಾತಾಡುತ್ತಿದ್ದಳು.

"ನನಗಲ್ರಿ," ಎಂದ ಸುರೇಶ. "ನಮ್ಮವ್ವಗ ಸಿಕ್ಕಾರ."